ಜಾರ್‌ನೊಳಗಿನ ಸುಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಮೂದಿ ಮಾಡಿಕೊಳ್ಳಲು ಅಗ್ಗದ ಬ್ಲೆಂಡರ್ ಸಾಕೇ, ದುಬಾರಿಯದ್ದೇ ಬೇಕೇ? ಬ್ಲೆಂಡರ್‌ಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿ 22 ವರ್ಷ ಕಳೆದಿರುವ ನನ್ನನ್ನು ಜನ ಹೆಚ್ಚಾಗಿ ಕೇಳುವುದು ಇದನ್ನೇ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ, "ಎಷ್ಟು ವ್ಯಾಟ್‌ದು ತಗೊಳ್ಳಲಿ?" ದಯವಿಟ್ಟು ಈ ವ್ಯಾಟ್ ಮಾತನ್ನು ಬಿಟ್ಟುಬಿಡಿ. ಯಂತ್ರ ಪ್ಲಗ್‌ನಿಂದ ಎಷ್ಟು ವಿದ್ಯುತ್ ಎಳೆದುಕೊಳ್ಳುತ್ತದೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಹಣ್ಣು ನುಣ್ಣಗಾಗುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. ನೀವು ನೋಡಬೇಕಾದದ್ದು ಒಂದೇ: ಜಾರ್‌ನಲ್ಲಿ ಸುಳಿ ಏಳುತ್ತದೆಯೇ?

ಹೊಳೆಯಲ್ಲಿ ಸುಳಿ ನೋಡಿದ್ದೀರಲ್ಲ, ಅದೇ. ಬ್ಲೇಡ್ ತಿರುಗಿದಾಗ ದ್ರವ ಜಾರ್‌ನ ಅಂಚಿಗೆ ಚಿಮ್ಮಿ ಮೇಲೇರುತ್ತದೆ, ನಡುವೆ ಗುಳಿ ಬೀಳುತ್ತದೆ. ಮೇಲಿದ್ದ ಹಣ್ಣು ಆ ಗುಳಿಗೆ ಜಾರಿ ಬ್ಲೇಡ್‌ಗೆ ಸಿಗುತ್ತದೆ. 1922ರಲ್ಲಿ ಅಮೆರಿಕದ ಸ್ಟೀಫನ್ ಪೊಪ್ಲಾವ್ಸ್ಕಿ ಪಾತ್ರೆಯ ತಳದಲ್ಲಿ ತಿರುಗುವ ಬ್ಲೇಡ್ ಇಟ್ಟದ್ದು ಸೋಡಾ ಅಂಗಡಿಗಳ ಹಾಲಿನ ಪೇಯ ಕಲಸುವುದಕ್ಕೆ. ಅಂದರೆ ಈ ಯಂತ್ರ ಹುಟ್ಟಿದ್ದೇ ದ್ರವಕ್ಕಾಗಿ. ಫ್ರೀಜರ್‌ನಲ್ಲಿ ಕಲ್ಲಿನಂತೆ ಗಡ್ಡೆಕಟ್ಟಿದ ಹಣ್ಣನ್ನು ಅದಕ್ಕೆ ತುರುಕಲು ಶುರುಮಾಡಿದವರು ನಾವು.

ಒಬ್ಬ ತಾಯಿಯ ವಿಷಯ ಹೇಳಲೇಬೇಕು. ಒಂದು ಸಾಧಾರಣ ಬ್ಲೆಂಡರ್ ಹಿಡಿದು ಬಂದರು. "ಅಣ್ಣಾ, ಇದು ಕೊನೇ ಸಲ. ಇನ್ನೊಮ್ಮೆ ಕೆಟ್ಟರೆ ದೊಡ್ಡದೇ ತಗೊಳ್ತೀನಿ" ಅಂದರು. ಜಾರ್ ತಿರುವಿ ನೋಡಿದೆ. ಮೋಟಾರ್‌ನ ತಿರುಗುವಿಕೆಯನ್ನು ಬ್ಲೇಡ್‌ಗೆ ದಾಟಿಸುವ ಕಪ್ಲರ್‌ನ ಹಲ್ಲುಗಳು ಸವೆದು ಗುಂಡಗಾಗಿದ್ದವು. ಸುತ್ತಲೂ ಕರೀ ರಬ್ಬರ್ ಪುಡಿ. ಬದಲಾಯಿಸಿ ಕಳಿಸಿದೆ. ತಿಂಗಳು ತುಂಬುವುದರೊಳಗೆ ಮತ್ತೆ ಬಂದರು, ಮತ್ತೆ ಅದೇ ಕರೀ ಪುಡಿ.

"ಅಮ್ಮಾ, ನಾಳೆ ನೀವು ಹಾಕೋದನ್ನೆಲ್ಲ ತನ್ನಿ, ನನ್ನೆದುರಿಗೇ ಮಾಡಿ" ಅಂದೆ. ತಂದರು. ಮೊದಲು ಫ್ರೀಜರ್‌ನಿಂದ ತೆಗೆದ ಇಡೀ ಸ್ಟ್ರಾಬೆರಿ. ಜಾರ್‌ಗೆ ಬಿದ್ದಾಗ ಗೋಲಿಗಳ ಹಾಗೆ ಸದ್ದಾಯಿತು. ಅದರ ಮೇಲೆ ಬಾಳೆಹಣ್ಣು, ಪಾಲಕ್ ಸೊಪ್ಪು, ಕೊನೆಗೆ ಮೇಲಿಂದ ಒಂದಿಷ್ಟು ಹಾಲು. ಸ್ವಿಚ್ಚನ್ನು ನೇರ ಕೊನೆಯ ವೇಗಕ್ಕೇ ತಿರುಗಿಸಿದರು. ಯಂತ್ರ ಗರ್ ಎಂದು ನಡುಗಿತು, ಬ್ಲೇಡ್ ಸಿಕ್ಕಿಕೊಂಡಿತು, ಮೋಟಾರ್‌ನೊಳಗಿನ ತಂತಿಸುರುಳಿ, ಅಂದರೆ ವೈಂಡಿಂಗ್, ಬಿಸಿಯಾದ ವಾಸನೆ ಮೂಗಿಗೆ ಬಡಿಯಿತು. ಓಡಿಹೋಗಿ ಪ್ಲಗ್ ಕಿತ್ತೆ.

ಎಲ್ಲವನ್ನೂ ಬಟ್ಟಲಿಗೆ ಸುರಿದು, ಜಾರ್ ತೊಳೆದು, ತಿರುಗುಮುರುಗಾಗಿ ಶುರುಮಾಡಿದೆ. ಮೊದಲು ಹಾಲು, ಅದೂ ಇನ್ನಷ್ಟು ಸೇರಿಸಿ. ಜೊತೆಗೆ ಸೊಪ್ಪು ಮಾತ್ರ, ಅರ್ಧ ನಿಮಿಷ. ಆಮೇಲೆ ಬಾಳೆಹಣ್ಣು. ಸ್ಟ್ರಾಬೆರಿಯನ್ನು ಹತ್ತು ನಿಮಿಷ ಹೊರಗಿಟ್ಟು, ಸೀಳಿ, ಕೊನೆಗೆ ಹಾಕಿದೆ. ನಿಧಾನದ ವೇಗ. ಹಾಲಿನ ಮೇಲೆ ಸಣ್ಣ ಕುಳಿ ಮೂಡಿತು, ಆಳವಾಯಿತು. ಒಂದು ಕೆಂಪು ತುಂಡು ಅಂಚಿನಲ್ಲಿ ಎರಡು ಸುತ್ತು ಹಾಕಿ ಸರ್ರನೆ ಮುಳುಗಿತು. ಆ ತಾಯಿ ಪಾರದರ್ಶಕ ಜಾರ್‌ಗೆ ಮುಖ ತಾಗಿಸಿ ನೋಡುತ್ತಿದ್ದವರು, "ಅಯ್ಯೋ ಅಣ್ಣಾ, ತಾನೇ ಒಳಗೆ ಎಳ್ಕೊಳ್ತಿದೆ!" ಅಂದರು. ಅದೇ ಯಂತ್ರ, ಅದೇ ಹಣ್ಣು. ಆಮೇಲೆ ನಾಲ್ಕು ವರ್ಷ ಓಡಿತು. ಆ ಕುಳಿ ಮೂಡುವ ಕ್ಷಣವನ್ನು ನಾನು ಸಾವಿರ ಸಲ ನೋಡಿದ್ದೇನೆ, ಇನ್ನೂ ಬೇಸರ ಬಂದಿಲ್ಲ.

ಸುಳಿ ಎದ್ದಿದೆಯೋ ಇಲ್ಲವೋ ಕಿವಿಗೂ ಗೊತ್ತಾಗುತ್ತದೆ. ಎದ್ದಾಗ ಗುಂಯ್ ಎಂಬ ತುಂಬು ದನಿ. ಮುರಿದಾಗ ಬ್ಲೇಡ್ ಸುತ್ತ ಗಾಳಿಯ ಗೂಡು ಕಟ್ಟುತ್ತದೆ, ದನಿ ಕೀರಲಾಗಿ ಮೇಲೇರುತ್ತದೆ, ಹಣ್ಣು ಮೇಲೆಯೇ ಕುಳಿತಿರುತ್ತದೆ. ಆಗ ನಿಲ್ಲಿಸಿ, ಕಲಕಿ, ಎರಡು ಚಮಚ ದ್ರವ ಹಾಕಿ. ವೇಗ ಹೆಚ್ಚಿಸಬೇಡಿ.

ಹಾಗಾದರೆ ದುಬಾರಿ ಯಂತ್ರ ಯಾರಿಗೆ? ಆ ತಾಯಿಯ ಸ್ಮೂದಿಯನ್ನು ನಾನೂ ಕುಡಿದೆ. ರುಚಿಯಾಗಿತ್ತು, ಆದರೆ ನಾಲಿಗೆಗೆ ಸೊಪ್ಪಿನ ನಾರು ತಾಗಿತು, ಹಲ್ಲಿನ ಸಂದಿಗೆ ಸ್ಟ್ರಾಬೆರಿಯ ಬೀಜ ಸಿಕ್ಕಿತು. ದುಬಾರಿ ಯಂತ್ರ ಅದನ್ನೂ ಅರೆದುಹಾಕುತ್ತದೆ. ಭಾರ ಬಿದ್ದರೂ ಅದರ ಮೋಟಾರ್ ಸುಲಭಕ್ಕೆ ಸೋಲುವುದಿಲ್ಲ, ದ್ರವ ಕಡಿಮೆ ಇದ್ದರೂ ಸುಳಿ ಹಿಡಿದಿಡುತ್ತದೆ. ಚಮಚದಲ್ಲಿ ತಿನ್ನುವಷ್ಟು ಗಟ್ಟಿ ಬೇಕಾದರೆ ಮುಚ್ಚಳದ ತೂತಿನಿಂದ ಒತ್ತುಗೋಲು ಇಳಿಸಿ ಹಣ್ಣನ್ನು ಸುಳಿಗೆ ತಳ್ಳಬಹುದು. ಐದಾರು ನಿಮಿಷ ಓಡಿಸಿದರೆ ಬ್ಲೇಡ್‌ನ ತಿಕ್ಕಾಟಕ್ಕೇ ಸೂಪ್ ಬಿಸಿಯಾಗುತ್ತದೆ, ಅಷ್ಟು ಕಸುವು. ಕೆಲವಕ್ಕೆ 7ರಿಂದ 10 ವರ್ಷ ವಾರಂಟಿಯೂ ಇದೆ.

ದಿನವೂ ಸೊಪ್ಪು, ಗಡ್ಡೆಕಟ್ಟಿದ ಹಣ್ಣು, ಬಾದಾಮಿ ಹಾಕುವವರು ದುಬಾರಿಯದ್ದೇ ಕೊಳ್ಳಿ, ಹಿಂದೆಮುಂದೆ ನೋಡಬೇಡಿ. ವಾರಕ್ಕೆರಡು ಸಲ ಬಾಳೆಹಣ್ಣು, ಹಾಲು ಅನ್ನುವವರಿಗೆ ಅಗ್ಗದ್ದು ಧಾರಾಳವಾಗಿ ಸಾಕು, ಅದರಲ್ಲೂ ಸುಳಿ ಏಳುತ್ತದೆ.

ಸಮಯ ಆಗುತ್ತಿದೆಯೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ತಲೆಕೆಳಗು ಮಾಡಿ ಕೂರಿಸುವ ಮುಚ್ಚಿದ ಕಪ್‌ನ ಪುಟ್ಟ ಬ್ಲೆಂಡರ್‌ಗೆ ಬಿಸಿ ಪದಾರ್ಥ ಹಾಕಲೇಬೇಡಿ, ಒಳಗೆ ಒತ್ತಡ ಕಟ್ಟಿ ಸಿಡಿಯುತ್ತದೆ. ಯಾವುದೇ ಯಂತ್ರ ಕೊಳ್ಳುವಾಗ ಜಾರ್ ತಿರುವಿ ಕಪ್ಲರ್ ನೋಡಿ, ಅದು ಬಿಡಿಯಾಗಿ ಸಿಗುತ್ತದೆಯೇ ಕೇಳಿ. ಬ್ಲೇಡ್ ಕೆಳಗಿನ ವಾಷರ್ ಬಗ್ಗೆಯೂ ಹೇಳುವುದಿತ್ತು, ಇವತ್ತಿಗೆ ಆಗಲಿಲ್ಲ. ನಾಳೆ ಬೆಳಿಗ್ಗೆ ಜಾರ್‌ಗೆ ಮೊದಲು ಹಾಲು ಸುರಿಯಿರಿ. ನಮಸ್ಕಾರ.