ಮನೆ, ಮಕ್ಕಳು, ನಡುವೆ ಒಂದಿಷ್ಟು ಇಂಗ್ಲಿಷ್

[ದೃಶ್ಯ: ಅಡುಗೆಮನೆಯ ಕಟ್ಟೆಯ ಮೇಲೆ ಅವರೆಕಾಯಿಯ ರಾಶಿ, ಪಕ್ಕದಲ್ಲಿ ಮೊಬೈಲ್.]

ನಮಸ್ಕಾರ. ಉದ್ಯೋಗಕ್ಕೆ, ಪರೀಕ್ಷೆಗೆ, ವೀಸಾಕ್ಕೆ ಇಂಗ್ಲಿಷ್ ಕಲಿಯುವವರಿಗೆ ಬೇಕಾದಷ್ಟು ವಿಡಿಯೋಗಳಿವೆ. ಇದು ಮನೆ ನಡೆಸುತ್ತಾ, ಮಕ್ಕಳನ್ನು ಸಾಕುತ್ತಾ, ಯಾರ ಒತ್ತಾಯವೂ ಇಲ್ಲದೆ ಇಂಗ್ಲಿಷ್ ಕಲಿಯೋಣ ಎನ್ನಿಸಿದವರಿಗೆ. ‘ಈ ವಯಸ್ಸಿನಲ್ಲಿ ಅದೆಲ್ಲ ಏತಕ್ಕೆ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ನಲವತ್ತರಲ್ಲಿ ವೀಣೆ ಕಲಿಯಲು ಹೊರಟವರನ್ನು ಯಾರೂ ಹಾಗೆ ಕೇಳುವುದಿಲ್ಲ. ಉತ್ತರ ಕೊಡುವ ಗೋಜಿಗೆ ಹೋಗಬೇಡಿ.

ಮಗುವಿನ ಹೋಂವರ್ಕ್‌ಗೆ ನೆರವಾಗಲಿ ಎಂಬ ಒಂದೇ ಕಾರಣಕ್ಕೆ ಶುರು ಮಾಡಬೇಡಿ ಎಂಬುದು ನನ್ನ ಸಲಹೆ. ಮಗು ಎರಡು ತರಗತಿ ಮೇಲೇರಿದರೆ ಆ ಕಾರಣ ಕೈಕೊಡುತ್ತದೆ. ನಿಮಗೇ ರುಚಿಸುವ ವಿಷಯ ಹಿಡಿಯಿರಿ: ಕೇಕ್ ಮಾಡುವುದು, ಗಿಡ ಬೆಳೆಸುವುದು, ಕ್ರಿಕೆಟ್, ಏನಾದರೂ ಸರಿ. ಕ್ರಿಕೆಟ್ ವೀಕ್ಷಕ ವಿವರಣೆಯಂತೂ ಒಳ್ಳೆಯ ಪಾಠ. ಏನಾಯಿತು ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ, ಅದನ್ನೇ ಕಿವಿಗೆ ಹೇಳುತ್ತಿರುತ್ತಾರೆ.

[ದೃಶ್ಯ: ಹಳೆಯ ವ್ಯಾಕರಣ ಪುಸ್ತಕದ ಪುಟಗಳು.]

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007–08ರಲ್ಲಿ. ಅದಕ್ಕೂ ಮೊದಲು ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರಿಗೆ ಎಬಿಸಿಡಿ ಪರಿಚಯವಾದದ್ದೇ ಐದನೇ ತರಗತಿಯಲ್ಲಿ. ಪ್ರಶ್ನೋತ್ತರ ಬಾಯಿಪಾಠ ಮಾಡಿ, ಕಾಲಗಳನ್ನು ಉರುಹೊಡೆದು ಪಾಸಾದೆವು. ಹೀಗಾಗಿ ನಮ್ಮಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷ್ ಪತ್ರಿಕೆ ನಿಧಾನವಾಗಿ ಓದಲು ಬರುತ್ತದೆ, ಆದರೆ ಯಾರಾದರೂ ಸರಾಗವಾಗಿ ಮಾತನಾಡಿದರೆ ತಲೆಬುಡ ತಿಳಿಯುವುದಿಲ್ಲ.

ಇದರಲ್ಲಿ ನಿಮ್ಮ ಬುದ್ಧಿಯ ದೋಷವೇನೂ ಇಲ್ಲ. ಕನ್ನಡ ಮಾತಿನಲ್ಲಿ ಪ್ರತಿ ಅಕ್ಷರಕ್ಕೂ ಸುಮಾರಾಗಿ ಅದರ ಪಾಲು ಸಿಗುತ್ತದೆ. ಇಂಗ್ಲಿಷ್ ಮಾತಿನಲ್ಲಿ ಒತ್ತು ಬಿದ್ದ ಭಾಗ ಮಾತ್ರ ಗಟ್ಟಿಯಾಗಿ ಕೇಳುತ್ತದೆ, ಉಳಿದದ್ದನ್ನು ಅರ್ಧಂಬರ್ಧ ನುಂಗಿಬಿಡುತ್ತಾರೆ. ನಾವು ‘ವೆಜಿಟೇಬಲ್’ ಎಂದು ಓದಿದ್ದು ಅವರ ಬಾಯಲ್ಲಿ ‘ವೆಜ್‌ಟಬಲ್’ ಆಗಿರುತ್ತದೆ. ‘ವಾಟ್ ಡು ಯು ವಾಂಟ್ ಟು ಡು’ ಎಂಬುದು ಒಂದೇ ಉಸಿರಿನಲ್ಲಿ ‘ವಾಡ್ಯ ವಾನ ಡೂ’ ಎಂದು ಹಾದುಹೋಗುತ್ತದೆ. ನಮ್ಮ ಕಿವಿ ಆ ಆರು ಪದಗಳಿಗಾಗಿ ಇನ್ನೂ ಕಾಯುತ್ತಿರುತ್ತದೆ! ಇನ್ನೊಂದು ವ್ಯಾಕರಣ ಪುಸ್ತಕ ಕೊಂಡರೆ ಇದು ಸರಿಹೋಗುವುದಿಲ್ಲ. ಕೇಳಿ ಕೇಳಿಯೇ ಸರಿಹೋಗಬೇಕು.

ಮನೆಯಲ್ಲಿರುವವರಿಗೆ ಅನುಕೂಲವಿರುವುದು ಇಲ್ಲೇ. ಅವರೆಕಾಯಿ ಸುಲಿಯುವಾಗ, ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ ಕೈಗೆ ಕೆಲಸ, ಕಿವಿಗೆ ಬಿಡುವು. (ಮಿಕ್ಸಿ ತಿರುಗುವಾಗ ಬೇಡ. ತೊಟ್ಟಿಲಲ್ಲಿ ಮಗುವಿದ್ದರೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಳ್ಳಿ.)

[ದೃಶ್ಯ: ಮೊಬೈಲ್ ಪರದೆಯ ಸಮೀಪ ನೋಟ.]

ಬಿಬಿಸಿಯವರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಎಂಬ ಕಾರ್ಯಕ್ರಮವಿದೆ. ಇಬ್ಬರು ಕುಳಿತು ಒಂದು ವಿಷಯದ ಬಗ್ಗೆ ಆರು ನಿಮಿಷ ಹರಟುತ್ತಾರೆ. ಆಡಿದ ಮಾತೆಲ್ಲ ಬರಹದಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಅದೂ ವೇಗವೆನಿಸಿದರೆ ‘ವಾಯ್ಸ್ ಆಫ್ ಅಮೆರಿಕ’ದ ಹಳೆಯ ಪಾಠಗಳನ್ನು ಹುಡುಕಿ. ಸುಮಾರು 1,500 ಪದಗಳಲ್ಲೇ, ನಿಧಾನವಾಗಿ ಸುದ್ದಿ ಓದುವ ಪದ್ಧತಿಯನ್ನು ಅವರು ಆರಂಭಿಸಿದ್ದು 1959ರಲ್ಲಿ.

ದಿನಕ್ಕೊಂದು ಹೊಸ ಸಂಚಿಕೆ ಬೇಡ. ಒಂದನ್ನೇ ನಾಲ್ಕೈದು ದಿನ ಇಟ್ಟುಕೊಳ್ಳಿ. ಮೊದಲ ಸಲ ಬರಹ ನೋಡದೆ ಕೇಳಿ, ತಿಳಿದಷ್ಟು ತಿಳಿಯಲಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಬರಹ ನೋಡುತ್ತಾ ಕೇಳಿ. ‘ಓ, ಅವರು ಹೇಳಿದ್ದು ಇದಾ!’ ಎನ್ನಿಸುವ ಜಾಗಗಳು ಸಿಗುತ್ತವಲ್ಲ, ಕಿವಿ ಪಳಗುವುದು ಅಲ್ಲಿಯೇ. ಆಮೇಲೆ ಕೆಲಸ ಮಾಡುತ್ತಾ ಅವರ ಬೆನ್ನಿಗೇ ಮೆಲ್ಲಗೆ ಹೇಳಿಕೊಳ್ಳಿ. ಅತ್ತೆಯವರು ವಿಚಿತ್ರವಾಗಿ ನೋಡಬಹುದು. ನೋಡಲಿ ಬಿಡಿ.

[ದೃಶ್ಯ: ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು, ಮೂರು ಸಣ್ಣ ಡಬ್ಬಿಗಳು.]

ಇನ್ನು ಮರೆವಿನ ವಿಷಯ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಒಂದೆರಡು ದಿನಗಳಲ್ಲೇ ಜಾರಿಹೋಗುತ್ತದೆ. ಬಿಟ್ಟು ಬಿಟ್ಟು ನೆನಪಿಸಿಕೊಂಡರೆ ಉಳಿಯುತ್ತದೆ. ಬಾಣಂತನದ ನಿದ್ದೆಗೇಡಿನಲ್ಲಿ ನೆನಪು ನಿಲ್ಲುತ್ತಿಲ್ಲ ಎಂದು ಕೊರಗುವವರು ಇದನ್ನು ಗಮನಿಸಿ. ಹಾಯಾಗಿ ಕುಳಿತು ಓದುವವರೂ ಮರೆಯುತ್ತಾರೆ.

ಅದಕ್ಕೇ ಈ ಡಬ್ಬಿಗಳು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಜನಪ್ರಿಯಗೊಳಿಸಿದ ಉಪಾಯವಿದು. ಚೀಟಿಯ ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್. ಮೊದಲ ಡಬ್ಬಿಯ ಚೀಟಿಗಳನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಿ. ನೆನಪಾದದ್ದು ಮುಂದಿನ ಡಬ್ಬಿಗೆ ಹೋಗುತ್ತದೆ, ಮರೆತದ್ದು ಮೊದಲನೆಯದಕ್ಕೆ ವಾಪಸ್. ಬಿಡಿ ಪದ ಬರೆಯದೆ ನಿಮ್ಮ ಮನೆಯ ಇಡೀ ವಾಕ್ಯ ಬರೆಯಿರಿ: ‘ಚಿಕ್ಕವನು ಇವತ್ತೂ ಉಪ್ಪಿಟ್ಟು ತಿನ್ನಲು ಒಪ್ಪಲಿಲ್ಲ.’ ಇದರ ಇಂಗ್ಲಿಷ್ ನಿಮಗೆ ವಾರದಲ್ಲಿ ಮೂರು ಸಲವಾದರೂ ಬೇಕಾಗುತ್ತದೆ.

ಓದುವುದಕ್ಕೆ ಮಕ್ಕಳ ಪುಸ್ತಕವೇ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಚಿತ್ರಕಥೆಗಳನ್ನು ಓದಿನ ಹಂತಗಳಿಗೆ ತಕ್ಕಂತೆ ಜೋಡಿಸಿದ್ದಾರೆ, ಎಲ್ಲವೂ ಉಚಿತ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಮಲಗುವ ಹೊತ್ತಿಗೆ ಮೊದಲು ಕನ್ನಡದಲ್ಲಿ ಓದಿ, ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಓದಿ. ಕೇಳಿದ ಕಥೆಯನ್ನೇ ಮತ್ತೆ ಕೇಳಲು ಮಕ್ಕಳಿಗೆ ಬೇಸರವಿಲ್ಲ, ನಿಮಗೂ ಬೇಕಾದದ್ದು ಅದೇ ತಾನೇ?

ಮಾತನಾಡುವುದು ಯಾರೊಂದಿಗೆ? ಗಂಡನೊಂದಿಗೆ ಎಂದು ಕೆಲವರು ಹೇಳುತ್ತಾರೆ. ಅದು ಎರಡನೇ ವಾಕ್ಯಕ್ಕೇ ನಗೆಯಲ್ಲೋ ಜಗಳದಲ್ಲೋ ಮುಗಿಯುವುದೇ ಹೆಚ್ಚು. ಇದೇ ಹುಚ್ಚಿರುವ ಗೆಳತಿಯೊಬ್ಬಳನ್ನು ಹುಡುಕಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ಧ್ವನಿಸಂದೇಶ ಕಳುಹಿಸಿ: ಬೆಳಗಿನ ತಿಂಡಿ ಏನು, ಯಾರಿಗೆ ನೆಗಡಿ, ಹಾಲಿನವನು ಏಕೆ ಬರಲಿಲ್ಲ. ಅವಳಿಗೆ ಬಿಡುವಾದಾಗ ಕೇಳಿ ಉತ್ತರಿಸುತ್ತಾಳೆ. ತಪ್ಪುಗಳನ್ನು ತಿದ್ದುವ ಕೆಲಸ ಬೇಡವೆಂದು ಇಬ್ಬರೂ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಆ ಕೆಲಸಕ್ಕೆ ಮನೆಯಲ್ಲಿ ಮಕ್ಕಳಿದ್ದಾರೆ, ಅವರು ಬಿಡುವುದೂ ಇಲ್ಲ.