ಬಾಗಿಲು ತೆರೆಯುವವರ ಪಾಲು

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಬಲಿಪಾಡ್ಯಮಿಯ ರಾತ್ರಿ ಊಟ ಮುಗಿದು, ಕೊಟ್ಟಿಗೆಯ ಬಾಗಿಲು ಹಾಕಿದ ಮೇಲೆ, ಅಡಿಕೆ ತೋಟದಾಚೆಯ ದಿಬ್ಬದಿಂದ ಹತ್ತಾರು ಗಂಡಸರ ದನಿ ಒಟ್ಟಾಗಿ ಏರಿ ಇಳಿಯುವುದು ಕೇಳಿಸಿದರೆ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯವರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಟಿಗೆ-ಪಂಟಿಗೆಯವರು ಬರುತ್ತಿದ್ದಾರೆ. ದೇವರ ಮುಂದೆ ಹಚ್ಚಿದ ದೀಪವನ್ನು ಗಾಳಿಗೆ ಆರದಂತೆ ಕಾಯ್ದುಕೊಂಡು, ಗದ್ದೆಯ ಅಂಚು, ತೋಟದ ಸಂಕ ದಾಟಿ, ಮನೆಯಿಂದ ಮನೆಗೆ ಹಾಡುತ್ತ ಸಾಗುವ ಈ ತಂಡದಲ್ಲಿ ಮುಂದಾಗಿ ಹಾಡುವವರು ಒಬ್ಬಿಬ್ಬರು. ಉಳಿದವರೆಲ್ಲ ಅವರು ಬಿಟ್ಟ ಸೊಲ್ಲನ್ನು ಎತ್ತಿಕೊಂಡು ಮರಳಿ ಹಾಡುವವರು. ಹಾರ್ಮೋನಿಯಂ ಆಗಲಿ ತಬಲವಾಗಲಿ ಈ ಹಾಡಿಗೆ ಬೇಕಿಲ್ಲ. ನಡೆದು ಬಂದ ದಣಿವಿನಲ್ಲಿ ಎಷ್ಟು ಉಸಿರು ಉಳಿದಿದೆಯೋ ಅಷ್ಟೇ ಅದರ ಬಂಡವಾಳ.

ಈ ಹಾಡನ್ನು ಉಳಿಸಬೇಕೆಂಬ ಮಾತು ಈಗ ಊರೂರಿನಲ್ಲೂ ಕೇಳಿಬರುತ್ತದೆ. ಯುವಕ ಸಂಘಗಳು ತರಬೇತಿ ಶಿಬಿರ ನಡೆಸುತ್ತವೆ, ಹಿರಿಯರ ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತವೆ, ಸ್ಪರ್ಧೆ ಏರ್ಪಡಿಸಿ ಬಹುಮಾನ ಕೊಡುತ್ತವೆ. ಇವೆಲ್ಲವೂ ಬೇಕಾದ ಕೆಲಸಗಳೇ. ಆದರೆ ನಾವು ಹಾಡುವವರನ್ನು ತಯಾರು ಮಾಡುವುದರಲ್ಲಿ ತೋರಿದ ಆಸ್ಥೆಯನ್ನು, ಬಾಗಿಲು ತೆರೆಯುವವರನ್ನು ತಯಾರು ಮಾಡುವುದರಲ್ಲಿ ತೋರಿಲ್ಲ ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದುಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹುಡುಗರ ಜೊತೆ ನಾನೂ ಒಬ್ಬ ಹಿರಿಯ ಹಾಡುಗಾರರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಕಂಬಳಿ ಹಾಸಿ ಅವರನ್ನು ಕೂರಿಸಿ, ಮೊಬೈಲನ್ನು ಎದುರಿಗಿಟ್ಟು, ಬಾಗಿಲು ತೆಗೆಸುವ ಪದ ಹೇಳಿ ಎಂದೆವು. ಎರಡು ಸೊಲ್ಲು ಹೇಳಿದವರು ಮೂರನೆಯದಕ್ಕೆ ತಡವರಿಸಿದರು. ಮತ್ತೆ ಮೊದಲಿಂದ ಎತ್ತಿಕೊಂಡರು. ಮತ್ತೆ ಅಲ್ಲಿಗೇ ನಿಂತಿತು. ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಅಂಗಳದ ಅಂಚಿಗೆ ಉಗಿದು ಬಂದು, "ಕೂತ್ಕಂಡು ಹೇಳಕ್ಕೆ ಬರದಿಲ್ಲ ತಮಾ, ಬಾಗ್ಲೆದ್ರು ನಿಂತ್ರೆ ಬತ್ತದೆ" ಎಂದರು. ಹಾಗೆಂದು ಎದ್ದವರೇ ಅಂಗಳಕ್ಕಿಳಿದು, ತಮ್ಮದೇ ಮನೆಯ ಬಾಗಿಲನ್ನು ಸೊಸೆಯಿಂದ ಹಾಕಿಸಿ, ಅದರೆದುರು ನಿಂತು ಹಾಡತೊಡಗಿದರು. ಈ ಸಲ ಹಾಡು ತಡೆಯಲಿಲ್ಲ. ಮುಗಿಯುವ ಹೊತ್ತಿಗೆ ಯಾರೂ ಹೇಳದಿದ್ದರೂ ಸೊಸೆ ಬಾಗಿಲು ತೆರೆದು, ನಡುಹಗಲಿನಲ್ಲಿ, ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದರು. ನಮ್ಮ ಕೈಯಲ್ಲಿ ದೀಪವೇ ಇರಲಿಲ್ಲ. ಎಲ್ಲರೂ ನಕ್ಕೆವು.

ಆ ನಗುವಿನ ಹಿಂದೆ ಇರುವ ಸಂಗತಿಯನ್ನು ನಾನು ಆಮೇಲೆ ಅರ್ಥಮಾಡಿಕೊಂಡೆ. ಅಂಟಿಗೆ-ಪಂಟಿಗೆಯ ಹಾಡು ಅರ್ಧ ಹಾಡುವವರದ್ದು, ಇನ್ನರ್ಧ ಮನೆಯವರದ್ದು. ಬಾಗಿಲು ತೆರೆದಾಗ, ದೀಪಕ್ಕೆ ಎಣ್ಣೆ ಎರೆದಾಗ, ಬಂದ ದೀಪದಿಂದ ತಮ್ಮ ಮನೆಯ ದೀಪವನ್ನು ಹೊತ್ತಿಸಿಕೊಂಡಾಗ, ಅಕ್ಕಿ, ಕಾಯಿ, ಹೋಳಿಗೆ, ದುಡ್ಡು ಕೊಟ್ಟಾಗ ಮುಂದಿನ ಪದಕ್ಕೆ ದಾರಿಯಾಗುತ್ತದೆ. ಮನೆಯವರು ತಮ್ಮ ಪಾಲಿನ ಕೆಲಸ ಮರೆತರೆ ಹಾಡುಗಾರರು ಎಷ್ಟೇ ಚೆನ್ನಾಗಿ ಕಲಿತಿದ್ದರೂ ಅಂಗಳದಲ್ಲೇ ನಿಲ್ಲಬೇಕಾಗುತ್ತದೆ.

ಈ ಪಾಲುದಾರಿಕೆ ನಮ್ಮ ಸೀಮೆಗೆ ಹೊಸದಲ್ಲ. ಶಿವಮೊಗ್ಗದ ಬಳಿ ತುಂಗೆಯ ಆಚೀಚೆ ದಡದಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿಗಳ ಗಮಕವನ್ನು ನೋಡಿ. ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ, ತಲೆದೂಗುವ ಸಭೆಯೊಂದು ಎದುರಿಗಿರುತ್ತದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ತಲೆಮಾರುಗಳಿಂದ ಕೂತು ಕೇಳಿದವರಿಗೂ ಒಂದಿಷ್ಟು ಪಾಲಿದೆಯೆಂದು ನನಗನ್ನಿಸುತ್ತದೆ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ಕೂಡ ನಾಟಕ ಆಡುವವರ ಜೊತೆಗೆ ನೋಡುವವರನ್ನೂ ಬೆಳೆಸಿತು. ಅದರ ತಿರುಗಾಟದ ನಾಟಕಗಳು ಊರಿಂದೂರಿಗೆ ಹೋಗುತ್ತವೆ. ಬಂದ ತಂಡಕ್ಕೆ ರಂಗಮಂದಿರ, ಊಟ, ಪ್ರೇಕ್ಷಕರು ಎಲ್ಲವನ್ನೂ ಹೊಂದಿಸುವ ಸ್ಥಳೀಯರಿಲ್ಲದೆ ತಿರುಗಾಟವೇ ಇಲ್ಲ.

ವೇದಿಕೆಯ ಸ್ಪರ್ಧೆಗಳ ಬಗ್ಗೆ ನನಗಿರುವ ತಕರಾರೂ ಇಲ್ಲಿಂದಲೇ ಬಂದದ್ದು. ಐದು ನಿಮಿಷದ ಮಿತಿ, ಒಂದೇ ಬಣ್ಣದ ಶಾಲು, ತೀರ್ಪುಗಾರರ ಮೇಜು, ಗಂಟೆ. ಬಾಗಿಲೇ ಇಲ್ಲದ ಕಡೆ ಬಾಗಿಲು ತೆಗೆಸುವ ಪದ ಹಾಡಿ, ಚಪ್ಪಾಳೆ ತೆಗೆದುಕೊಂಡು ಇಳಿಯುವುದು. ಬಹುಮಾನ ಪಡೆದ ತಂಡ ದೀಪಾವಳಿಯಂದು ತನ್ನ ಕೇರಿಯಲ್ಲಿ ಹೊರಡದೇ ಇದ್ದ ಉದಾಹರಣೆಯನ್ನೂ ಕಂಡಿದ್ದೇನೆ.

ಮನೆಗಳೇ ಇಲ್ಲವಾದ ಕಥೆಯೂ ನಮ್ಮಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆ ತುಂಬಿದಾಗ ಊರುಗಳು ಮುಳುಗಿ, ಜನ ಜಿಲ್ಲೆಯ ಬೇರೆ ಬೇರೆ ಕಡೆ ಚದುರಿದರು. ಮುಳುಗಡೆಯವರು ತಲೆಯಲ್ಲಿ ಹೊತ್ತು ತಂದ ಪದಗಳಿಗೆ ನೆಲೆ ಸಿಗಬೇಕಾದರೆ ಹೊಸ ನೆರೆಹೊರೆ ಅವುಗಳಿಗೆ ಬಾಗಿಲು ತೆರೆಯಬೇಕಿತ್ತು. ದೀಪ ಹಿಡಿದು ನಡೆಯಲು ಹೊಸ ದಾರಿ ಗೊತ್ತಾಗಬೇಕಿತ್ತು.

ಹಾಗಾದರೆ ಏನು ಮಾಡಬಹುದು? ದೀಪಾವಳಿಗೆ ಹದಿನೈದು ದಿನ ಮೊದಲೇ, ಭೂಮಿ ಹುಣ್ಣಿಮೆಯಿಂದ ಶುರುಮಾಡಬಹುದು ಎಂಬುದು ನಮ್ಮ ಅನುಭವ. ದೀವರ ಸಮುದಾಯದ ಮನೆಗಳಲ್ಲಿ ಆಗ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಕಾಲ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿಯ ಬಣ್ಣದಲ್ಲಿ ಪುಂಡಿನಾರಿನ ಕುಂಚವನ್ನದ್ದಿ, ಹೆಂಗಸರು ಎಳೆಯುವ ಗೆರೆಗಳು ಎಷ್ಟು ಸಪೂರವೆಂದರೆ, ಕುಂಚದಲ್ಲಿ ಒಂದೆರಡು ಎಳೆ ನಾರು ಹೆಚ್ಚಾದರೂ ಗೆರೆ ದಪ್ಪವಾಗಿ ಲೆಕ್ಕ ತಪ್ಪುತ್ತದೆ. ಗೋಡೆಯ ಹಸೆ ಚಿತ್ತಾರಕ್ಕಾದರೆ ಕರಿಯ ಬಣ್ಣಕ್ಕೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಬಗೆಬಗೆಯ ಸೊಪ್ಪು ಬೇಯಿಸಿ, ನಸುಕಿನಲ್ಲಿ ಆ ಚರಗವನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಬೀರುತ್ತ ಕೂಗುವಾಗ, ಹೊಡೆ ತುಂಬಿದ ಭತ್ತ ಬಯಕೆಯ ಹೆಣ್ಣಿನಂತೆ ಊಟಕ್ಕೆ ಕಾದಿರುತ್ತದೆಂಬ ನಂಬಿಕೆ.

ಕಳೆದ ಸಲ ನಮ್ಮ ಶಾಲೆಯ ಮಕ್ಕಳನ್ನು ಈ ಬುಟ್ಟಿ ಬರೆಯುವ ಮನೆಗಳಿಗೆ ಕಳುಹಿಸಿದೆವು. ಅವರಿಗೆ ಗೆರೆ ಎಳೆಯುವುದು ಅಷ್ಟಾಗಿ ಒಗ್ಗಲಿಲ್ಲವೆನ್ನಬೇಕು. ಅರ್ಧ ಬಣ್ಣ ಅಂಗಿಗೆ ಹೋಯಿತು. ಆದರೆ ಕುಳಿತಲ್ಲೇ ಅಜ್ಜಿಯರನ್ನು ಕೇಳಿ, ಅಂಟಿಗೆ-ಪಂಟಿಗೆಯವರು ಹಿಂದೆ ಯಾವ ಯಾವ ಮನೆಗೆ ಯಾವ ದಾರಿಯಿಂದ ಬರುತ್ತಿದ್ದರೆಂಬ ನಕ್ಷೆಯೊಂದನ್ನು ಬರೆದುಕೊಂಡು ಬಂದರು. ಅದೇ ನಕ್ಷೆಯನ್ನು ಹಿಡಿದು ಮನೆಮನೆಗೆ ಹೋಗಿ, ಯಾರು ಎಚ್ಚರವಿರುತ್ತಾರೆ, ಯಾರು ಎಣ್ಣೆ ಎರೆಯುತ್ತಾರೆ, ನಾಯಿಯನ್ನು ಯಾರು ಕಟ್ಟಿಹಾಕುತ್ತಾರೆ ಎಂದು ಮಾತಾಡಿಕೊಂಡೆವು. ನಾಯಿಯ ವಿಷಯ ಕೇಳಿ ನಗಬೇಡಿ. ರಾತ್ರಿ ಹಾಡಿಕೊಂಡು ತಿರುಗಿದವರಿಗೆ ಅದರ ಮಹತ್ವ ಗೊತ್ತು.

ನಕ್ಷೆಯಲ್ಲಿದ್ದ ಮನೆಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿತ್ತು, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದರು. ದೀಪಾವಳಿಯ ರಾತ್ರಿ ಅಂಥದೊಂದು ಮನೆಯನ್ನು ಬಿಟ್ಟು ಮುಂದೆ ಹೋಗೋಣವೆಂದು ಹುಡುಗರು ಹೊರಟಾಗ, ಆ ಹಿರಿಯ ಹಾಡುಗಾರರು ಅಂಗಳದಲ್ಲೇ ನಿಂತು ಪದ ಎತ್ತಿಬಿಟ್ಟರು. ಹಾಡು ನಡೆದಿರುವಾಗಲೇ ಪಕ್ಕದ ಮನೆಯ ಹೆಂಗಸೊಬ್ಬರು ಬೇಲಿ ದಾಟಿ ಬಂದರು. ಬೀಗದ ಕೈ ಅವರ ಬಳಿ ಇತ್ತು. ಬಾಗಿಲು ತೆರೆದು, ಒಳಗಿನ ಕತ್ತಲೆಯಲ್ಲಿ ದೇವರ ಗೂಡನ್ನು ತಡವಿ, ತಮ್ಮ ಮನೆಯಿಂದ ತಂದ ಎಣ್ಣೆಯನ್ನು ನಮ್ಮ ದೀಪಕ್ಕೂ ಅಲ್ಲಿದ್ದ ಹಣತೆಗೂ ಎರೆದು ಹೊತ್ತಿಸಿದರು. ಆಮೇಲೆ ಫೋನು ತೆಗೆದು ಬೆಂಗಳೂರಿನವರಿಗೆ ಕರೆ ಮಾಡಿ, ಮುಂದಿನ ಪದ ಮುಗಿಯುವವರೆಗೂ ಅದನ್ನು ನಮ್ಮ ಕಡೆ ಹಿಡಿದೇ ನಿಂತಿದ್ದರು.

ನಮಸ್ಕಾರ.