ಎರಡು ಸಂಖ್ಯೆ ಸಾಕು

ಕೇಳುಗರಿಗೆ ನಮಸ್ಕಾರ. ಹೈಸ್ಕೂಲಿನ ಮಕ್ಕಳೂ ಅವರಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವ ತಂದೆತಾಯಂದಿರೂ ರೇಡಿಯೋ ಬಳಿ ಇದ್ದೀರೆಂದು ಭಾವಿಸಿ ಮಾತನಾಡುತ್ತೇನೆ.

ಒಂದು ಹಾಳೆ ತೆಗೆದುಕೊಂಡು ಎಲ್ಲಾದರೂ ಒಂದು ಚುಕ್ಕಿ ಇಡಿ. ಅದು ಎಲ್ಲಿದೆಯೆಂದು ನನಗೆ ಫೋನಿನಲ್ಲಿ ತಿಳಿಸಬೇಕಾದರೆ ಏನು ಹೇಳುತ್ತೀರಿ? ಎಡ ಅಂಚಿನಿಂದ 7 ಸೆಂಟಿಮೀಟರ್, ಕೆಳ ಅಂಚಿನಿಂದ 4. ಮುಗಿಯಿತು. ಒಂದೇ ಸಂಖ್ಯೆ ಹೇಳಿದರೆ ಚುಕ್ಕಿ ಸಿಗದು, ಮೂರನೆಯದು ಬೇಕಿಲ್ಲ. ಎರಡು ಆಯಾಮದ ಜಾಗವೆಂದರೆ ಇಷ್ಟೇ: ಎರಡು ಸಂಖ್ಯೆ ಸಾಕು. ‘ಉದ್ದ, ಅಗಲ ಇದ್ದು ದಪ್ಪವಿಲ್ಲದ್ದು’ ಎಂದು ಬಾಯಿಪಾಠ ಮಾಡಿಸುವುದನ್ನು ದಯವಿಟ್ಟು ಬಿಡಿ. ದಪ್ಪವಿಲ್ಲದ ವಸ್ತುವನ್ನು ಯಾವ ಮಗು ಕಂಡಿದೆ?

ಫ್ರಾನ್ಸಿನ ಗಣಿತಜ್ಞ ದೆಕಾರ್ತ್ 1637ರಲ್ಲಿ ಈ ದಾರಿಯಿಂದಲೇ ರೇಖಾಗಣಿತಕ್ಕೆ ಬೀಜಗಣಿತವನ್ನು ಜೋಡಿಸಿದ. ಆದರೆ ನನಗೆ ಅಚ್ಚುಮೆಚ್ಚಿನವನು ಕ್ಯಾಸ್ಪರ್ ವೆಸ್ಸೆಲ್ ಎಂಬ ಮೋಜಣಿದಾರ. ನಾರ್ವೆಯಲ್ಲಿ ಹುಟ್ಟಿ, ಡೆನ್ಮಾರ್ಕಿನಲ್ಲಿ ನೆಲ ಅಳೆದು ನಕ್ಷೆ ಬರೆಯುತ್ತಿದ್ದವನು. ಆಗ ಗಣಿತಜ್ಞರನ್ನು ಕಾಡುತ್ತಿದ್ದ ಪ್ರಶ್ನೆಯೊಂದಿತ್ತು: ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಮೈನಸ್ ಒಂದು ಬರುತ್ತದೆ? ಸಂಖ್ಯಾರೇಖೆಯನ್ನು ಎಷ್ಟು ಹುಡುಕಿದರೂ ಅಂಥದ್ದು ಸಿಗುವುದಿಲ್ಲ. ಇಡೀ ದಿನ ದಿಕ್ಕು, ದೂರ ಅಳೆಯುತ್ತಿದ್ದ ವೆಸ್ಸೆಲ್ ಗೆರೆ ಬಿಟ್ಟು ಹಾಳೆಗೆ ಬಂದ. ಮೈನಸ್ ಒಂದರಿಂದ ಗುಣಿಸುವುದೆಂದರೆ ಅರ್ಧ ಸುತ್ತು ತಿರುಗುವುದು. ಒಂದು ಇದ್ದದ್ದು ಸೊನ್ನೆಯ ಆಚೆಗೆ ಹೋಗಿ ಮೈನಸ್ ಒಂದಾಗುತ್ತದೆ. ಹಾಗಾದರೆ ಅದರ ವರ್ಗಮೂಲ? ಕಾಲು ಸುತ್ತು! ಎರಡು ಸಲ ಕಾಲು ಸುತ್ತು ತಿರುಗಿದರೆ ಅರ್ಧ ಸುತ್ತು ತಾನೇ? ಗೆರೆಯ ಮೇಲೆ ಸಿಗದ ಸಂಖ್ಯೆ ಹಾಳೆಯ ಮೇಲೆ ಕೂತಿತ್ತು: ಬಲಕ್ಕೆ ಸೊನ್ನೆ, ಮೇಲಕ್ಕೆ ಒಂದು. ನೋಡಿ, ಮತ್ತೆ ಎರಡೇ ಸಂಖ್ಯೆ.

1797ರಲ್ಲಿ ವೆಸ್ಸೆಲ್ ಇದನ್ನು ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. 1799ರಲ್ಲಿ ಡ್ಯಾನಿಶ್ ಭಾಷೆಯಲ್ಲಿ ಅಚ್ಚಾಯಿತು. ಹೊರಗಿನವರು ಓದಲಿಲ್ಲ. 1806ರಲ್ಲಿ ಪ್ಯಾರಿಸ್ಸಿನ ಅರ್ಗಾಂಡ್ ಇದನ್ನೇ ಸ್ವತಂತ್ರವಾಗಿ ಕಂಡುಕೊಂಡ. ಹೆಸರು ಅವನಿಗೆ ಬಂತು. ವೆಸ್ಸೆಲ್‌ನ ಪ್ರಬಂಧ ಫ್ರೆಂಚಿಗೆ ಬಂದದ್ದು 1897ರಲ್ಲಿ, ನೂರು ವರ್ಷ ಕಳೆದ ಮೇಲೆ. ಪಠ್ಯಪುಸ್ತಕಗಳು ಇವನಿಗೆ ಒಂದು ಸಾಲನ್ನಾದರೂ ಕೊಡಬೇಕು.

ಸಮಯ ಕಡಿಮೆ ಇದೆ, ಇನ್ನೊಂದನ್ನು ಬೇಗ ಹೇಳುತ್ತೇನೆ. ಭೂಮಿಯ ಮೇಲ್ಮೈಗೂ ಅಕ್ಷಾಂಶ, ರೇಖಾಂಶ ಎಂಬ ಎರಡು ಸಂಖ್ಯೆ ಸಾಕು. ಆದ್ದರಿಂದ ಅದೂ ಎರಡು ಆಯಾಮದ್ದೇ. ಬಾಗಿರುವುದರಿಂದ ತ್ರಿಕೋನದ ಮೂರು ಕೋನ ಸೇರಿ 180 ಡಿಗ್ರಿ ಎಂಬ ನಿಯಮ ಮಾತ್ರ ಬದಲಾಗುತ್ತದೆ. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗೆ 90 ಡಿಗ್ರಿ ಅಂತರದ ಎರಡು ರೇಖೆ ಎಳೆದರೆ ಮೂರು ಲಂಬಕೋನಗಳ ತ್ರಿಕೋನ ಬರುತ್ತದೆ, ಒಟ್ಟು 270 ಡಿಗ್ರಿ. ಶಾಲೆಯಲ್ಲಿ ಗ್ಲೋಬ್ ಇದ್ದರೆ ದಾರ ಹಿಡಿದು ಮಕ್ಕಳ ಕೈಯಲ್ಲೇ ಅಳತೆ ಮಾಡಿಸಿ. ನಮಸ್ಕಾರ.